ಲೇಸರ್ ಸ್ವಿಂಗ್ ಟ್ರೇನರ್: ಎರಡು ಮಳೆಗಾಲ ಬಳಸಿದ ಮೇಲೆ

ಗಾಲ್ಫ್ ಸ್ವಿಂಗ್ ತಿದ್ದಿಕೊಳ್ಳಲು ಲೇಸರ್ ಇರುವ ಸಾಧನ ತೆಗೆದುಕೊಳ್ಳಬೇಕಾ ಬೇಡವಾ ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎರಡು ವರ್ಷಕ್ಕೂ ಜಾಸ್ತಿ ಬಳಸಿದ್ದೇನೆ. ಫುಲ್ ಸ್ವಿಂಗ್, ಅಂದರೆ ದೂರಕ್ಕೆ ಪೂರ್ತಿ ಬೀಸಿ ಹೊಡೆಯುವುದು, ಸರಿಹೋಗಲಿ ಎಂದು ಕೊಂಡಿದ್ದು. ಅದಕ್ಕೂ ಉಪಯೋಗಕ್ಕೆ ಬಂತು. ಆದರೆ ಸ್ಕೋರ್ ಇಳಿದಿದ್ದು (ಗಾಲ್ಫ್‌ನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು) ಲೇಸರನ್ನು ಪುಟಿಂಗ್‌ಗೆ, ಅಂದರೆ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಹಾಕುವುದಕ್ಕೆ, ಬಳಸಲು ಶುರು ಮಾಡಿದ ಮೇಲೆ.

ನಾನು ಆಡುವುದು ಬೆಂಗಳೂರಿನಲ್ಲಿ. ಕೆಲಸ ಮುಗಿಸಿ, ಟ್ರಾಫಿಕ್ ದಾಟಿ ರೇಂಜ್ (ಚೆಂಡು ಹೊಡೆದು ಅಭ್ಯಾಸ ಮಾಡುವ ಮೈದಾನ) ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತದೆ. ಹಾಗಾಗಿ ವಾರದ ದಿನಗಳಲ್ಲಿ ಅಭ್ಯಾಸ ಮನೆಯ ಹಾಲ್‌ನಲ್ಲೇ. ನನ್ನ ಬಹಳ ವರ್ಷಗಳ ತೊಂದರೆ ಸ್ಲೈಸ್. ಡೌನ್‌ಸ್ವಿಂಗ್‌ನಲ್ಲಿ, ಅಂದರೆ ಮೇಲಿನಿಂದ ಕೆಳಗೆ ಬೀಸುವಾಗ, ಕ್ಲಬ್ (ಗಾಲ್ಫ್ ದಾಂಡು) ಹೊರಗಿನಿಂದ ಒಳಕ್ಕೆ ಬರುತ್ತದೆ, ಚೆಂಡು ಬಲಕ್ಕೆ ತಿರುಗುತ್ತದೆ.

ಮೊದಲು ಕೊಂಡಿದ್ದು ಎರಡೂ ತುದಿಯಲ್ಲಿ ಲೇಸರ್ ಇರುವ ಗಿಡ್ಡ ಕೋಲು. ಒಂದು ಕಡೆ ಮಾಮೂಲಿ ಗಾಲ್ಫ್ ಗ್ರಿಪ್ (ಹಿಡಿ) ಇದೆ. ನಿಜವಾದ ಕ್ಲಬ್, ಉದಾಹರಣೆಗೆ 7 ಐರನ್, ಸುಮಾರು 37 ಇಂಚು ಉದ್ದ. ಅದನ್ನು ಹಾಲ್‌ನಲ್ಲಿ ಬೀಸಿದರೆ ಫ್ಯಾನ್‌ಗೆ ತಗಲುವ ಭಯ. ಇದಕ್ಕೆ ಆ ತೊಂದರೆ ಇಲ್ಲ.

ಬಳಸುವ ರೀತಿ ಸರಳ. ನೆಲದ ಮೇಲೆ ಟೇಪ್‌ನಿಂದ ಉದ್ದನೆಯ ಗೆರೆ ಹಾಕಿ. ಚೆಂಡು ಆ ಗೆರೆಯ ಮೇಲಿದೆ, ಗೆರೆ ಗುರಿಯ ಕಡೆ ಹೋಗುತ್ತದೆ ಎಂದುಕೊಳ್ಳಿ. ಈಗ ನಿಧಾನವಾಗಿ ಬ್ಯಾಕ್‌ಸ್ವಿಂಗ್ ಮಾಡಿ, ಅಂದರೆ ಕೋಲನ್ನು ಹಿಂದಕ್ಕೆ ಎತ್ತಿ. ಬಲಗೈ ಆಟಗಾರರಾದರೆ, ಎಡಗೈ ನೆಲಕ್ಕೆ ಮಟ್ಟಸವಾಗಿ ಬಂದಾಗ ನಿಲ್ಲಿಸಿ. ಗ್ರಿಪ್ ತುದಿಯಿಂದ ಬರುವ ಲೇಸರ್ ಚುಕ್ಕೆ ಗೆರೆಯ ಮೇಲೋ ಅದರ ಹತ್ತಿರವೋ ಬೀಳಬೇಕು. ಚುಕ್ಕೆ ಗೆರೆಗಿಂತ ಈಚೆ, ಪಾದಗಳ ಕಡೆ ಬಿದ್ದರೆ ಕ್ಲಬ್ ತೀರಾ ನೆಟ್ಟಗಾಗಿದೆ. ಗೆರೆ ದಾಟಿ ಆಚೆ ಬಿದ್ದರೆ ತೀರಾ ಮಲಗಿದೆ. ಕೋಚ್‌ಗಳು ‘ಪ್ಲೇನ್’ ಎನ್ನುವುದು ಇದನ್ನೇ. ಅಮೆರಿಕದ ಹೆಸರಾಂತ ಗಾಲ್ಫ್ ಆಟಗಾರ ಬೆನ್ ಹೋಗನ್ 1950ರ ದಶಕದಲ್ಲಿ ಇದನ್ನು ವಿವರಿಸಲು, ಚೆಂಡಿನಿಂದ ಭುಜದವರೆಗೆ ಓರೆಯಾಗಿ ಇಟ್ಟ ಗಾಜಿನ ಹಲಗೆಯನ್ನು ಕಲ್ಪಿಸಿಕೊಳ್ಳಿ ಎಂದಿದ್ದರು. ಲೇಸರ್ ಇದ್ದರೆ ಕಲ್ಪಿಸಿಕೊಳ್ಳುವ ಕೆಲಸ ಇಲ್ಲ, ಎಲ್ಲಾ ನೆಲದ ಮೇಲೆ ಕಾಣುತ್ತದೆ.

ನನ್ನ ವಿಷಯದಲ್ಲಿ ಬ್ಯಾಕ್‌ಸ್ವಿಂಗ್ ಪರವಾಗಿಲ್ಲ ಎಂದು ಮೊದಲ ದಿನವೇ ಗೊತ್ತಾಯಿತು. ಎಡವಟ್ಟು ಆಗುತ್ತಿದ್ದದ್ದು ಮೇಲಿನಿಂದ ಕೆಳಗೆ ತಿರುಗುವ ಜಾಗದಲ್ಲಿ. ಭುಜ ಮುಂದೆ ನುಗ್ಗಿದ ಕೂಡಲೇ ಚುಕ್ಕೆ ಗೆರೆ ಬಿಟ್ಟು ಪಾದದ ಕಡೆ ಓಡುತ್ತಿತ್ತು. ಕೋಚ್ ಇದನ್ನು ಎಷ್ಟೋ ಸಲ ಹೇಳಿದ್ದರು. ಕಣ್ಣಾರೆ ನೋಡಿದಾಗ ಮೈಗೆ ಅರ್ಥವಾಯಿತು. ಒಳ್ಳೆಯ ಆಟಗಾರರಲ್ಲಿ ಈ ಹಂತದಲ್ಲಿ ಕ್ಲಬ್ ಸ್ವಲ್ಪ ಮಲಗುತ್ತದೆ. ಆದ್ದರಿಂದ ಕೆಳಗೆ ಬರುವಾಗ ಚುಕ್ಕೆ ಗೆರೆಯಿಂದ ತುಸು ಆಚೆ ಹೋದರೆ ಚಿಂತೆ ಬೇಡ.

ಇದನ್ನು ನಿಧಾನವಾಗಿಯೇ ಮಾಡಬೇಕು. ಪೂರ್ತಿ ವೇಗದ ಡೌನ್‌ಸ್ವಿಂಗ್ ಮುಗಿಯಲು ಸುಮಾರು ಕಾಲು ಸೆಕೆಂಡ್ ಸಾಕು. ಅಷ್ಟರಲ್ಲಿ ಚುಕ್ಕೆ ಎಲ್ಲಿ ಹೋಯಿತೆಂದು ಯಾವ ಕಣ್ಣಿಗೂ ಸಿಗುವುದಿಲ್ಲ. ಬೆಳಕಿನ ಗೀಟು ಮಿಂಚಿ ಹೋಗುತ್ತದೆ, ಅಷ್ಟೇ. ಜಾಹೀರಾತುಗಳಲ್ಲಿ ಜೋರಾಗಿ ಬೀಸುವುದನ್ನು ತೋರಿಸುತ್ತಾರೆ, ಹಾಗೆ ಬೀಸಿದರೆ ಏನೂ ಕಲಿಯಲಾಗುವುದಿಲ್ಲ. ವೇಗದ ಸ್ವಿಂಗ್ ನೋಡಬೇಕಿದ್ದರೆ ಫೋನಿನ ಸ್ಲೋ ಮೋಷನ್ ಉತ್ತಮ. ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಫೋನಿನಲ್ಲಿ ಆ ಕಾಲು ಸೆಕೆಂಡ್ 60 ಚಿತ್ರಗಳಾಗಿ ಸಿಗುತ್ತದೆ. ನಾನು ಲೇಸರ್ ಕೋಲಿನಿಂದ ನಿಧಾನಕ್ಕೆ ಅಭ್ಯಾಸ ಮಾಡಿ, ವಾರದ ಕೊನೆಗೆ ರೇಂಜ್‌ನಲ್ಲಿ ವಿಡಿಯೋ ತೆಗೆದು ನೋಡುತ್ತೇನೆ. ಇನ್ನೊಂದು ಮಾತು: ಕೋಲು ಹಗುರ. ಅದರ ಜೊತೆಗೇ ನಿಜವಾದ ಕ್ಲಬ್ಬನ್ನೂ ಹೊರಗೆ ಒಂದೆರಡು ಸಲ ಬೀಸಬೇಕು. ಇಲ್ಲದಿದ್ದರೆ ಕೈಗೆ ಆ ಹಗುರವೇ ಅಭ್ಯಾಸವಾಗುತ್ತದೆ.

ಈ ಸಾಧನದ ದೊಡ್ಡ ಮಿತಿ ಎಂದರೆ, ಕೋಲಿಗೆ ಫೇಸ್ (ಚೆಂಡಿಗೆ ತಗಲುವ ಚಪ್ಪಟೆ ಮುಖ) ಇಲ್ಲ. ಚೆಂಡು ಯಾವ ಕಡೆ ಹೊರಡುತ್ತದೆ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ತಗಲುವ ಕ್ಷಣದಲ್ಲಿ ಕ್ಲಬ್ ಫೇಸ್ ಯಾವ ಕಡೆ ನೋಡುತ್ತಿದೆ ಎನ್ನುವುದು. ಆ ಫೇಸ್‌ಗೂ ಕ್ಲಬ್ ಬಂದ ದಾರಿಗೂ ಇರುವ ವ್ಯತ್ಯಾಸ ಚೆಂಡನ್ನು ಗಾಳಿಯಲ್ಲಿ ತಿರುಗಿಸುತ್ತದೆ. ಮೊದಲು ಬಹಳ ಜನ ಇದನ್ನು ತಿರುಗಾಮುರುಗಾ ತಿಳಿದಿದ್ದರು. ಚೆಂಡಿನ ಹಾರಾಟ ಅಳೆಯುವ ರಾಡಾರ್ ಯಂತ್ರಗಳು ಬಂದ ಮೇಲೆ ಸ್ಪಷ್ಟವಾಯಿತು. ಲೇಸರ್ ಕೋಲು ದಾರಿ ತೋರಿಸುತ್ತದೆ, ಫೇಸ್ ಬಗ್ಗೆ ಏನೂ ಹೇಳುವುದಿಲ್ಲ. ಕೆಲವು ತಿಂಗಳಲ್ಲಿ ನನ್ನ ದಾರಿ ಸರಿಯಾಯಿತು, ಆದರೆ ಚೆಂಡು ಈಗ ತಿರುಗದೆ ನೇರವಾಗಿ ಬಲಕ್ಕೇ ಹೋಗುತ್ತಿತ್ತು. ಕೋಚ್ ನೋಡಿ, “ಆ ಕೋಲು ಪಕ್ಕಕ್ಕಿಡಿ ಸರ್, ಎಡಗೈ ಗ್ರಿಪ್ ತೋರಿಸಿ” ಎಂದರು. ಕ್ಲಬ್ ಹಿಡಿಯುವ ರೀತಿ ಬದಲಾಯಿಸಿದ ಮೇಲೆಯೇ ಚೆಂಡು ಮಧ್ಯಕ್ಕೆ ಬಂತು. ಫೇಸ್‌ನ ಯಾವ ಭಾಗಕ್ಕೆ ಚೆಂಡು ತಗಲುತ್ತಿದೆ ಎಂಬುದನ್ನೂ ಲೇಸರ್ ಹೇಳದು. ಅದಕ್ಕೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ಚೆಂಡಿನ ಹಿಂಭಾಗಕ್ಕೆ ಒಂದು ಚುಕ್ಕೆ ಇಟ್ಟರೆ ಸಾಕು, ಗುರುತು ಫೇಸ್ ಮೇಲೆ ಅಂಟುತ್ತದೆ.

ಜೊತೆಗೆ, ಚುಕ್ಕೆ ಗೆರೆ ಬಿಟ್ಟು ಅಲುಗಲೇಬಾರದು ಎಂಬ ಹಟ ಬೇಡ. ಅಮೆರಿಕದ ಆಟಗಾರ ಜಿಮ್ ಫ್ಯೂರಿಕ್ ಅವರ ಸ್ವಿಂಗ್ ನೋಡಿದವರಿಗೆ ಗೊತ್ತು, ಕ್ಲಬ್ ಮೇಲೆ ಹೋಗಿ ಒಂದು ಸುತ್ತು ಹಾಕಿಕೊಂಡು ಇಳಿಯುತ್ತದೆ. ಅವರ ಕೈಗೆ ಈ ಕೋಲು ಕೊಟ್ಟರೆ ಚುಕ್ಕೆ ಕೋಣೆ ತುಂಬಾ ಓಡಾಡೀತು. ಅದೇ ಸ್ವಿಂಗ್‌ನಲ್ಲಿ ಅವರು 2003ರ ಯು.ಎಸ್. ಓಪನ್ ಗೆದ್ದರು, 2016ರಲ್ಲಿ ಅಲ್ಲಿನ ವೃತ್ತಿಪರ ಪಂದ್ಯಮಾಲೆಯಾದ ಪಿಜಿಎ ಟೂರ್‌ನ ಒಂದು ಸುತ್ತನ್ನು ಬರೀ 58 ಹೊಡೆತಗಳಲ್ಲಿ ಮುಗಿಸಿದರು. ಚೆಂಡಿಗೆ ತಗಲುವ ಹೊತ್ತಿಗೆ ಕ್ಲಬ್ ಸರಿಯಾದ ಜಾಗದಲ್ಲಿ ಇರುವುದು ಮುಖ್ಯ.

ಇನ್ನು ಪುಟಿಂಗ್. ಇಲ್ಲಿ ಲೇಸರ್ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.

ಕುಳಿಯ ವ್ಯಾಸ 108 ಮಿಲಿಮೀಟರ್. ನಡುವಿನಿಂದ ಅಂಚಿಗೆ 54. ಮೂರು ಮೀಟರ್ ದೂರದಿಂದ ಚೆಂಡು 1 ಡಿಗ್ರಿ ತಪ್ಪಿ ಹೊರಟರೆ ಕುಳಿ ಸೇರುವಷ್ಟರಲ್ಲಿ ಸುಮಾರು 52 ಮಿಲಿಮೀಟರ್ ಪಕ್ಕಕ್ಕೆ ಹೋಗಿರುತ್ತದೆ, ಅಂದರೆ ಅಂಚಿನ ಮೇಲೆ. ಒಂದು ಡಿಗ್ರಿ ಎಂದರೆ ಕಣ್ಣಿಗೆ ಕಾಣುವಂಥದ್ದಲ್ಲ, ಅಲ್ವಾ? ಬರೀ ಕಣ್ಣನ್ನು ನಂಬಿ ಪುಟರ್ (ಪುಟಿಂಗ್‌ಗೆ ಬಳಸುವ ಕ್ಲಬ್) ನೇರವಾಗಿದೆ ಎಂದುಕೊಳ್ಳುವುದು ಎಷ್ಟು ಕಷ್ಟ ಎಂದು ಇದರಿಂದಲೇ ಗೊತ್ತಾಗುತ್ತದೆ.

ಪುಟರ್‌ಗೆ ಸಿಕ್ಕಿಸುವ ಲೇಸರ್ ಕ್ಲಿಪ್ ಸಿಗುತ್ತದೆ, ನನ್ನ ಹತ್ತಿರವೂ ಇದೆ. ಸ್ಟ್ರೋಕ್ ಮಾಡುವಾಗ ಫೇಸ್ ತೆರೆಯುತ್ತಿದೆಯೋ ಮುಚ್ಚುತ್ತಿದೆಯೋ ನೋಡಲು ಅದು ಚೆನ್ನಾಗಿದೆ. ಆದರೆ ಗುರಿ ಪರೀಕ್ಷೆಗೆ ಕನ್ನಡಿಯ ಉಪಾಯವೇ ಮೇಲು. ಪುಟರ್ ಫೇಸ್ ಮೇಲೆ ಚಿಕ್ಕ ಚಪ್ಪಟೆ ಕನ್ನಡಿ ಅಂಟಿಸಿ. ಮೂರು ಮೀಟರ್ ದೂರದಲ್ಲಿ, ಕುಳಿಯ ಜಾಗದಲ್ಲಿ ಲೇಸರ್ ಇಡಿ. ಚೆಂಡಿಟ್ಟು ಗುರಿ ಹಿಡಿದು ಅಲುಗದೆ ನಿಲ್ಲಿ. ಮನೆಯವರು ಯಾರಾದರೂ ಮೆಲ್ಲಗೆ ಚೆಂಡು ತೆಗೆದು, ಪಕ್ಕಕ್ಕೆ ಸರಿದು ಲೇಸರ್ ಹಚ್ಚಲಿ. ಫೇಸ್ ಸರಿಯಾಗಿದ್ದರೆ ಬೆಳಕು ಬಂದ ಕಡೆಗೇ ವಾಪಸ್ ಹೋಗುತ್ತದೆ. ಫೇಸ್ 1 ಡಿಗ್ರಿ ತಿರುಗಿದ್ದರೆ ಕನ್ನಡಿಯಿಂದ ಬರುವ ಬೆಳಕು 2 ಡಿಗ್ರಿ ತಿರುಗುತ್ತದೆ. ಹಾಗಾಗಿ ವಾಪಸ್ ಬಂದ ಚುಕ್ಕೆ 10 ಸೆಂಟಿಮೀಟರ್‌ಗಿಂತ ಜಾಸ್ತಿ ಪಕ್ಕಕ್ಕೆ ಬಿದ್ದು, ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ. ಪುಟರ್‌ಗೆ ಮೂರು ನಾಲ್ಕು ಡಿಗ್ರಿ ಲಾಫ್ಟ್ (ಫೇಸ್ ಮೇಲ್ಮುಖವಾಗಿ ವಾಲಿರುವುದು) ಇರುವುದರಿಂದ ವಾಪಸ್ ಬಂದ ಚುಕ್ಕೆ ಮೇಲಕ್ಕೆ ಹೋಗಿರುತ್ತದೆ. ಲೇಸರ್ ಹಿಂದೆ ಎತ್ತರದ ರಟ್ಟು ನಿಲ್ಲಿಸಿ, ಎಡಬಲ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ನನ್ನ ಚುಕ್ಕೆ ಪ್ರತಿ ಸಲವೂ ಎಡಕ್ಕೇ ಬೀಳುತ್ತಿತ್ತು. ಚೆಂಡನ್ನು ಕಣ್ಣಿನ ಕೆಳಗೆ ಇನ್ನಷ್ಟು ಹತ್ತಿರ ತಂದುಕೊಂಡಾಗ ಸರಿಹೋಯಿತು. ನಮ್ಮೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ ಬಂದದ್ದು ನೆನಪಿದೆಯಲ್ಲ? ಪದಕ ಒಂದೇ ಒಂದು ಹೊಡೆತದಲ್ಲಿ ತಪ್ಪಿತು. ದೂರ ಹೊಡೆಯುವುದರಲ್ಲಿ ಅವರು ಆ ಮುಂದಿನ ಸಾಲಿನಲ್ಲಿರಲಿಲ್ಲ. ಅಷ್ಟು ಎತ್ತರಕ್ಕೆ ಕೊಂಡೊಯ್ದದ್ದು ಅವರ ಪುಟಿಂಗ್. ನಮ್ಮಂಥ ವಾರಾಂತ್ಯದ ಆಟಗಾರರು ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್‌ಗೆ ಕೊಡುವ ಸಮಯದಲ್ಲಿ ಅರ್ಧವನ್ನಾದರೂ ಪುಟರ್‌ಗೆ ಕೊಡಬೇಕು ಎಂದು ನನಗೆ ಮನಸಾರೆ ಅನ್ನಿಸುತ್ತದೆ.

ದುಡ್ಡು ಉಳಿಸುವ ವಿಷಯ ಒಂದಿದೆ. ನೆಲದ ಮೇಲೆ ಉದ್ದ ಗೆರೆ ಬೀಳಿಸುವ ಲೇಸರನ್ನು ಗಾಲ್ಫ್ ಹೆಸರಿನಲ್ಲಿ ದುಬಾರಿಗೆ ಮಾರುತ್ತಾರೆ. ಟೈಲ್ಸ್ ಹಾಕುವವರು ಬಳಸುವ ಲೇಸರ್ ಲೆವೆಲ್ ಅದೇ ಕೆಲಸ ಮಾಡುತ್ತದೆ. ನಾನು ಎಸ್‌.ಪಿ. ರಸ್ತೆಯಿಂದ ತಂದದ್ದು ಹಸಿರು ಗೆರೆಯದ್ದು, ಇವತ್ತಿಗೂ ಚೆನ್ನಾಗಿದೆ. ಹಸಿರೇ ತೆಗೆದುಕೊಳ್ಳಿ. ಅಷ್ಟೇ ಶಕ್ತಿಯ ಕೆಂಪಿಗಿಂತ ಹಸಿರು ನಮ್ಮ ಕಣ್ಣಿಗೆ ಹೆಚ್ಚು ಪ್ರಕಾಶವಾಗಿ ಕಾಣುತ್ತದೆ. ಆದರೂ ಬಿಸಿಲಿನಲ್ಲಿ ಯಾವುದೂ ಕಾಣದು. ಹಗಲು ರೇಂಜ್‌ನಲ್ಲಿ ಬಳಸುತ್ತೇನೆ ಎಂದುಕೊಂಡು ಕೊಳ್ಳಬೇಡಿ.

ಕೊಂಡ ದಿನವೇ ಕೋಲನ್ನು ಪರೀಕ್ಷಿಸಿ. ಹಲ್ಲು ಕೊರೆದ ಎರಡು ರಟ್ಟಿನ ಮೇಲೆ ಅದನ್ನು ಮಲಗಿಸಿ, ಚುಕ್ಕೆ ಗೋಡೆಗೆ ಬೀಳುವಂತೆ ಮಾಡಿ, ಕೋಲನ್ನು ಸುಮ್ನೆ ಉರುಳಿಸಿ. ಚುಕ್ಕೆ ಒಂದೇ ಕಡೆ ನಿಂತರೆ ಸರಿ. ಗೋಡೆಯ ಮೇಲೆ ವೃತ್ತ ಬರೆದರೆ ಲೇಸರ್ ಸೊಟ್ಟಗೆ ಕೂತಿದೆ. ಮೂರು ಮೀಟರ್ ದೂರದ ಗೋಡೆಯಲ್ಲಿ ವೃತ್ತದ ವ್ಯಾಸ 10 ಸೆಂಟಿಮೀಟರ್ ಇದ್ದರೆ ಸುಮಾರು 1 ಡಿಗ್ರಿ ಸೊಟ್ಟ. ನನಗೆ ಮೊದಲು ಬಂದ ಕೋಲು ಹೀಗೇ ಇತ್ತು, ವಾಪಸ್ ಕಳಿಸಿ ಬೇರೆ ತರಿಸಿಕೊಳ್ಳಬೇಕಾಯಿತು. ಬಟನ್ ಸೆಲ್ ಹಾಕುವ ಮಾದರಿಗಿಂತ ಎಎಎ ಸೆಲ್‌ನದ್ದು ವಾಸಿ. ಸೆಲ್ ಬೇಗ ಮುಗಿಯುವುದಿಲ್ಲ, ಚಿಕ್ಕ ಮಕ್ಕಳು ನುಂಗುವ ಭಯವೂ ಇಲ್ಲ.

ಕಣ್ಣಿನ ಸುರಕ್ಷತೆ ಎಲ್ಲಕ್ಕಿಂತ ಮುಖ್ಯ. ಲೇಬಲ್ ಮೇಲೆ ಕ್ಲಾಸ್ 2, 1 ಮಿಲಿವ್ಯಾಟ್‌ಗಿಂತ ಕಡಿಮೆ ಎಂದಿರುವುದನ್ನೇ ಆರಿಸಿ. 5 ಮಿಲಿವ್ಯಾಟ್‌ವರೆಗಿನ ಕ್ಲಾಸ್ 3ಆರ್ ಮಾದರಿ ಮನೆಯಲ್ಲಿ ಬೇಡ. ಲೇಬಲ್ಲೇ ಇಲ್ಲದ್ದನ್ನು ಮುಟ್ಟಬೇಡಿ. ಮಕ್ಕಳು ಓಡಾಡುವ ಹೊತ್ತಿನಲ್ಲಿ ಹಚ್ಚಬೇಡಿ, ಷೋಕೇಸ್ ಗಾಜು, ಟಿ.ವಿ. ಪರದೆ ಎದುರಿಗಿದ್ದರೆ ಮುಚ್ಚಿ. ರಾತ್ರಿ ಟೆರೇಸ್‌ನಲ್ಲಿ ಅಭ್ಯಾಸ ಮಾಡುವವರು ಇನ್ನೂ ಎಚ್ಚರವಾಗಿರಬೇಕು. ಸ್ವಿಂಗ್‌ನಲ್ಲಿ ಕೋಲಿನ ಇನ್ನೊಂದು ತುದಿ ಆಕಾಶಕ್ಕೆ ತಿರುಗುತ್ತದೆ. ಇಳಿಯುತ್ತಿರುವ ವಿಮಾನದ ಪೈಲಟ್ ಕಣ್ಣಿಗೆ ಲೇಸರ್ ಬಿದ್ದರೆ ಆ ಕ್ಷಣ ಏನೂ ಕಾಣದಂತಾಗಬಹುದು. ಟೆರೇಸ್‌ನಲ್ಲಿ ಆ ತುದಿಗೆ ಕಪ್ಪು ಟೇಪ್ ಸುತ್ತಿಯೇ ಕೋಲು ಎತ್ತಿ.

ಪಂದ್ಯ ಆಡುವವರಿಗೆ ನಿಯಮದ ಮಾತು. ದೂರ ಅಳೆಯುವ ಲೇಸರ್ ರೇಂಜ್‌ಫೈಂಡರ್‌ಗೆ 2019ರಿಂದ ಗಾಲ್ಫ್ ನಿಯಮಗಳ ಪ್ರಕಾರ ಅನುಮತಿ ಇದೆ, ಸ್ಥಳೀಯ ನಿಯಮ ಬೇಡ ಎನ್ನದಿದ್ದರೆ. ಸ್ವಿಂಗ್ ಅಥವಾ ಗುರಿ ತಿದ್ದುವ ಸಾಧನವನ್ನು ಸುತ್ತಿನ ನಡುವೆ ಬಳಸಿದರೆ ನಿಯಮ 4.3 ಅಡ್ಡ ಬರುತ್ತದೆ: ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಹೊಡೆತ ಎಣಿಸುವ ಪಂದ್ಯದಲ್ಲಿ) ಮೊದಲ ಸಲ ಎರಡು ಹೊಡೆತದ ದಂಡ, ಮತ್ತೆ ಮಾಡಿದರೆ ಅನರ್ಹ. ಕೋಲು ಬ್ಯಾಗ್‌ನಲ್ಲಿ ಸುಮ್ಮನೆ ಇದ್ದರೆ ತೊಂದರೆ ಇಲ್ಲ. ಆದರೆ ಪ್ರಾಕ್ಟೀಸ್ ಗ್ರೀನ್‌ನಲ್ಲಿ ಪುಟರ್‌ಗೆ ಕ್ಲಿಪ್ ಸಿಕ್ಕಿಸಿದ್ದರೆ, ಆಟ ಶುರುವಾಗುವ ಮೊದಲ ಟೀಗೆ ಹೋಗುವ ಮುಂಚೆ ಬಿಚ್ಚಿ ಕಾರಿನಲ್ಲಿಟ್ಟು ಬನ್ನಿ.