16 ಕ್ಲಾಸು, 16 ಸಾವಿರ: ಚಿತ್ರಕಥೆ ಕಲಿಯೋಕೆ ಹೋಗಿದ್ದು

ಬಸವನಗುಡಿ ಕಡೆ, ಒಂದು ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ನಡೆಯುವ ಚಿತ್ರಕಥೆ ವರ್ಕ್‌ಶಾಪ್ ಬಗ್ಗೆ ಬರೀತಿದ್ದೇನೆ. ಹೆಸರು ಹಾಕುವುದಿಲ್ಲ. ಬೈಯೋದೂ ಇದೆ, ಹೊಗಳೋದೂ ಇದೆ, ಹೆಸರು ಹಾಕಿದರೆ ಬೈದಿದ್ದು ಮಾತ್ರ ಜನರ ಕಣ್ಣಿಗೆ ಬೀಳುತ್ತೆ. 8 ವಾರ, ಶನಿವಾರ-ಭಾನುವಾರ ಬೆಳಗ್ಗೆ 10ರಿಂದ 1, ಫೀಸ್ 16 ಸಾವಿರ. ನಾವು 22 ಜನ. ಅರ್ಧಕ್ಕರ್ಧ ಐಟಿಯವರು, ಇಬ್ಬರು ಅಸಿಸ್ಟೆಂಟ್ ಡೈರೆಕ್ಟರ್‌ಗಳು, ಜೊತೆಗೆ ಮೂವತ್ತು ವರ್ಷದಿಂದ ತಲೆಯಲ್ಲಿ ಒಂದೇ ಕಥೆ ಇಟ್ಟುಕೊಂಡಿರುವ ಒಬ್ಬ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್.

ಮೊದಲ 3 ವಾರ ಬರೀ ಪಿಪಿಟಿ. ಮೂರು ಆಕ್ಟ್ ಅಂದರೆ ಕಥೆಯ ಮೂರು ಭಾಗ, ಪ್ಲಾಟ್ ಪಾಯಿಂಟ್ ಅಂದರೆ ಕಥೆ ತಿರುಗುವ ಜಾಗ, ಮಿಡ್‌ಪಾಯಿಂಟ್ ಅಂದರೆ ಕಥೆಯ ನಟ್ಟನಡು, ಜೊತೆಗೆ ಬಾಣದ ಗುರುತಿನ ಚಿತ್ರಗಳು. ತಪ್ಪೇನಿಲ್ಲ, ಆದರೆ ಇದೆಲ್ಲ ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತೆ. ಹಾಲಿವುಡ್ ಸಿನಿಮಾಗೆ ಇಂಟರ್ವಲ್ ಇಲ್ಲ, ನಮಗಿದೆ, ಅದನ್ನು ಈ ಬಾಣದ ಚಿತ್ರದಲ್ಲಿ ಎಲ್ಲಿ ಕೂರಿಸೋದು ಅಂತ ಪಾಠ ಮಾಡ್ತಿದ್ದವರನ್ನು ಕೇಳಿದೆ. 'ಮಿಡ್‌ಪಾಯಿಂಟ್ ಅಂದ್ಕೊಳ್ಳಿ' ಅಂತ ಹೇಳಿ ಮುಂದಿನ ಸ್ಲೈಡ್‌ಗೆ ಹೋದರು. ಅಷ್ಟು ಸುಲಭ ಅಲ್ಲ ಅಲ್ವಾ? ಪಾಪ್‌ಕಾರ್ನ್ ತರೋಕೆ ಎದ್ದು ಹೋಗುವವನ ತಲೆಯಲ್ಲಿ ಒಂದು ಪ್ರಶ್ನೆ ಇಟ್ಟು ಕಳಿಸಬೇಕು, ವಾಪಸ್ ಬಂದು ಕೂತು ಫೋನ್ ನೋಡ್ತಿರುವವನನ್ನು ಮತ್ತೆ ಕಥೆಯೊಳಕ್ಕೆ ಎಳೆಯಬೇಕು. ಅದರ ಬಗ್ಗೆ ಒಂದು ಸ್ಲೈಡೂ ಇರಲಿಲ್ಲ. ಆ ಹೊತ್ತಿಗೆ ನಾಲ್ಕು ಜನ ಬರೋದು ನಿಲ್ಲಿಸಿದ್ದರು. ನಾನೂ ನಿಲ್ಲಿಸುವವನೇ ಇದ್ದೆ.

4ನೇ ವಾರ ಸೀನ್ ಕ್ಲಾಸ್ ಶುರುವಾಯಿತು. ತಗೊಂಡಿದ್ದು ವರ್ಷಗಟ್ಟಲೆ ಸೀರಿಯಲ್‌ಗಳಿಗೆ ಸಂಭಾಷಣೆ ಬರೆದ ಒಬ್ಬ ಮೇಷ್ಟ್ರು. ಲ್ಯಾಪ್‌ಟಾಪ್ ಇಲ್ಲ, ಕೆಂಪು ಪೆನ್ನು ಅಷ್ಟೇ. ಎಲ್ಲರೂ ಒಂದೊಂದು ಸೀನ್ ಬರೆದುಕೊಂಡು ಬರಬೇಕಿತ್ತು.

ನನ್ನ ಸೀನ್ ಹೀಗಿತ್ತು. ಮಗನಿಗೆ ಕೆಲಸ ಹೋಗಿದೆ, ಅಮ್ಮನಿಗೆ ಹೇಳಬೇಕು. ಎರಡೂವರೆ ಪುಟ ಡೈಲಾಗ್. ಮಗ ಅಳುತ್ತಾನೆ, ಅಮ್ಮ ಸಮಾಧಾನ ಮಾಡ್ತಾಳೆ, ಅಪ್ಪನ ಕಾಲದ ಕಷ್ಟವೆಲ್ಲ ಬಂದು ಹೋಗುತ್ತೆ. ಬರೆಯುವಾಗ ನನಗೇ ಕಣ್ಣಲ್ಲಿ ನೀರು ಬಂದಿತ್ತು. ಮೇಷ್ಟ್ರು ಓದಿ, ಕನ್ನಡಕ ತೆಗೆದು, 'ಅಮ್ಮ ಏನ್ ಮಾಡ್ತಾ ಇದಾರೆ ಇಲ್ಲಿ?' ಅಂದರು. 'ಕೇಳಿಸ್ಕೋತಾ ಇದಾರೆ ಸರ್' ಅಂದೆ. 'ಇಷ್ಟು ಹೊತ್ತು ಸುಮ್ನೆ ನಿಂತ್ಕೊಂಡಾ? ನಿಮ್ಮನೇಲಿ ಅಮ್ಮ ಹಂಗೆ ನಿಂತಿದ್ದು ಯಾವಾಗ್ರೀ ನೋಡಿದ್ದೀರಿ?'

ಆಮೇಲೆ ಅರ್ಧ ಗಂಟೆ ಕೆದಕಿದರು. ಹುಡುಗ ದಿನಾ ಡಬ್ಬಿ ತಗೊಂಡು ಹೋಗ್ತಿದ್ನಾ? ಹೌದು. ಕೆಲಸ ಹೋದಮೇಲೂ? ಹೌದು, ಮನೇಲಿ ಗೊತ್ತಾಗಬಾರದಲ್ಲ. ಎಲ್ಲಿ ಕೂತು ತಿಂತಾನೆ? ಪಾರ್ಕಲ್ಲಿ. ಆಫೀಸಿಂದ ಬರುವಾಗ ಡಬ್ಬಿ ತೊಳ್ಕೊಂಡು ಬರ್ತಿದ್ನಾ? ಇಲ್ಲ, ಯಾವ ಮಗ ತೊಳೀತಾನೆ. ಈಗ? ಅಲ್ಲಿಗೆ ಇಡೀ ಕ್ಲಾಸಿಗೆ ಹೊಳೆಯಿತು. ಅಮ್ಮ ಸಿಂಕ್ ಮುಂದೆ ನಿಂತು ಮುಚ್ಚಳ ತೆಗೀತಾಳೆ, ಒಳಗೆ ಸಾರಿನ ಕಲೆಯಿಲ್ಲ, ಒಂದಗುಳು ಅನ್ನವಿಲ್ಲ, ತೊಳೆದಿಟ್ಟಿದೆ. ಹೊತ್ತು ಹೋಗದವನ ಕೆಲಸ ಅದು. ಅವಳು ಅದನ್ನೇ ಇನ್ನೊಂದು ಸಲ ತೊಳೀತಾಳೆ. 'ನಾಳೆಗೂ ಡಬ್ಬಿ ಬೇಕೇನೋ?' ಅಷ್ಟೇ ಮಾತು. ಮಗ ತಿರುಗಿ ನೋಡ್ತಾನೆ, ಕಟ್. ಮುಕ್ಕಾಲು ಪುಟ.

ನನಗೆ ಫೀಸ್ ವಸೂಲಾಗಿದ್ದು ಆ ಅರ್ಧ ಗಂಟೆಯಲ್ಲಿ. ಇಂಥ ಕ್ಲಾಸ್ ಒಟ್ಟು 5 ಇದ್ದವು, 12 ಇರಬೇಕಿತ್ತು. ಒಂದು ಭಾನುವಾರ ಕಾದಂಬರಿಯಿಂದ ಸಿನಿಮಾ ಮಾಡೋದರ ಬಗ್ಗೆ ಮಾತಾಡಿದರು. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ಮಾಡಿದರಲ್ಲ, ಏನು ಉಳಿಸಿದರು ಅನ್ನೋದಕ್ಕಿಂತ ಏನು ಬಿಟ್ಟರು ಅಂತ ಪಟ್ಟಿ ಮಾಡಿ ಅಂದರು. ಪಟ್ಟಿ ಮಾಡೋಕೆ ಮೂರನ್ನೂ ಓದಬೇಕಲ್ಲ! ಓದಿಕೊಂಡು ಬಂದಿದ್ದು ಆ ಬ್ಯಾಂಕ್ ಮ್ಯಾನೇಜರ್ ಒಬ್ಬರೇ.

ಸೀರಿಯಲ್ ಕೆಲಸದ ಬಗ್ಗೆಯೂ ಏನೂ ಮುಚ್ಚಿಡಲಿಲ್ಲ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದು ಉಳಿಯೋದು ಇಪ್ಪತ್ತು ಚಿಲ್ಲರೆ ನಿಮಿಷ, ಕೊನೆಗೆ ನಾಳೆಯೂ ನೋಡಬೇಕು ಅನ್ನಿಸುವಂಥ ಒಂದು ಹುಕ್, ವಾರಕ್ಕೆ ಐದಾರು ಎಪಿಸೋಡ್. ಗುರುವಾರ ಟಿಆರ್‌ಪಿ ಬಂದರೆ ಬರೆದಿಟ್ಟಿದ್ದೆಲ್ಲ ತಲೆಕೆಳಗಾಗಬಹುದು. ಅತ್ತೆ ಪಾತ್ರದವರ ಡೇಟ್ ಸಿಗಲಿಲ್ಲ ಅಂದರೆ ಅತ್ತೆ ರಾತ್ರೋರಾತ್ರಿ ಕಾಶಿಗೆ ಹೋಗ್ತಾಳೆ. ನಗ್ತಾ ಹೇಳಿದರು, ಆದರೆ ಸೀರಿಯಲ್ ನೋಡಿ ಮೂಗು ಮುರಿಯುವ ನನ್ನಂಥವನಿಗೆ ಸ್ವಲ್ಪ ನಾಚಿಕೆ ಆಯಿತು.

ಫಾರ್ಮ್ಯಾಟ್ ವಿಷಯ. ಇಂಗ್ಲಿಷ್ ಸ್ಕ್ರಿಪ್ಟ್ ಅಂದರೆ ಕೊರಿಯರ್ ಫಾಂಟ್, 12 ಪಾಯಿಂಟ್, ಒಂದು ಪುಟಕ್ಕೆ ಹೆಚ್ಚುಕಮ್ಮಿ ಒಂದು ನಿಮಿಷ. ಕನ್ನಡದಲ್ಲಿ ಈ ಲೆಕ್ಕ ಕೂರಲ್ಲ. ಒತ್ತಕ್ಷರಕ್ಕೆ ಸಾಲಿನ ಮಧ್ಯೆ ಜಾಗ ಜಾಸ್ತಿ ಬೇಕು, ಫಾಂಟ್ ಬದಲಾದರೆ ಪುಟಾನೂ ಬದಲು, ಮೇಲಾಗಿ ನಮ್ಮಲ್ಲಿ ಪುಟದ ಎಡಕ್ಕೆ ದೃಶ್ಯ, ಬಲಕ್ಕೆ ಮಾತು ಬರೆಯುವವರು ಇನ್ನೂ ಇದ್ದಾರೆ. ಮೇಷ್ಟ್ರ ದಾರಿ ಸರಳ. ಫೋನ್‌ನಲ್ಲಿ ಸ್ಟಾಪ್‌ವಾಚ್ ಹಾಕಿ ಜೋರಾಗಿ ಓದಿ, ಪಾತ್ರ ಎದ್ದು ಬಾಗಿಲು ತೆಗೆಯುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿ. ಇನ್ನೊಂದು, ಕನ್ನಡ ಟೈಪಿಂಗ್ ಸಾಫ್ಟ್‌ವೇರ್ 'ನುಡಿ'ಯಲ್ಲಿ ಹಳೇ ಫಾಂಟ್ ಹಾಕಿ ಟೈಪ್ ಮಾಡಿದ ಫೈಲ್ ಬೇರೆಯವರ ಫೋನ್‌ನಲ್ಲಿ ತೆರೆದರೆ ಬರೀ ಗೀಚು ಕಾಣುತ್ತೆ, ಯೂನಿಕೋಡ್‌ನಲ್ಲೇ ಬರೆಯಿರಿ. ಇದನ್ನು ನಾನು ಕಲಿತದ್ದು ಅವಮಾನ ಆದಮೇಲೆ.

ಒಂದು ಶನಿವಾರ ವಕೀಲರೊಬ್ಬರು ಬಂದಿದ್ದರು. ಬರೀ ಐಡಿಯಾಗೆ ಕಾಪಿರೈಟ್ ಇಲ್ಲ, 1978ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಬರೆದಿಟ್ಟ ರೂಪಕ್ಕೆ ಮಾತ್ರ ರಕ್ಷಣೆ ಅಂದರು. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ಸದಸ್ಯರಾದರೆ ಸ್ಕ್ರಿಪ್ಟನ್ನು ಆನ್‌ಲೈನ್‌ನಲ್ಲೇ ರಿಜಿಸ್ಟರ್ ಮಾಡಬಹುದು. 'ನನ್ನ ಕಥೆ ಕದ್ದರು' ಅನ್ನೋರು ಹೋಟೆಲಲ್ಲಿ ಕಾಫಿ ಕುಡೀತಾ ಹೇಳಿದ ಕಥೆ ಬಗ್ಗೆ ಕಾಪಿರೈಟ್ ಕೇಸ್ ಗೆಲ್ಲೋದು ಕಷ್ಟ.

ಈಗ ಬೈಗುಳ. ಕರಪತ್ರದಲ್ಲಿ ಕೊನೇ ದಿನ 'ನಿರ್ಮಾಪಕರ ಮುಂದೆ ಪಿಚ್', ಅಂದರೆ ಕಥೆ ಹೇಳಿ ಒಪ್ಪಿಸೋದು, ಅಂತ ದಪ್ಪ ಅಕ್ಷರದಲ್ಲಿ ಇತ್ತು. ಬಂದವರೊಬ್ಬರು 40 ನಿಮಿಷ ತಮ್ಮ ಕಷ್ಟಕಾಲ ಹೇಳಿಕೊಂಡು, ಸರ್ಟಿಫಿಕೇಟ್ ಹಂಚಿ, ಗ್ರೂಪ್ ಫೋಟೋಗೆ ನಿಂತು ಹೊರಟರು. ಒಬ್ಬರ ಕಥೆಯನ್ನೂ ಕೇಳಲಿಲ್ಲ. ಕೇಳಿದ್ದಿದ್ದರೂ ನಾವು ಪೇಚಾಡುತ್ತಿದ್ದೆವು, ಯಾಕಂದರೆ ಕಥೆ ಹೇಳೋದನ್ನೇ ಕಲಿಸಿರಲಿಲ್ಲ. ಗಾಂಧಿನಗರದಲ್ಲಿ ಸ್ಕ್ರಿಪ್ಟ್ ಓದುವವರು ಕಡಿಮೆ, 'ಕಥೆ ಹೇಳಿ' ಅಂತಾರೆ. ಎರಡು ಗಂಟೆ ನರೇಶನ್, ಮಧ್ಯೆ ಅವರ ಫೋನ್ ಬರುತ್ತೆ, ಟೀ ಬರುತ್ತೆ, ಬಿಟ್ಟಲ್ಲಿಂದ ಅದೇ ಕಾವಿನಲ್ಲಿ ಮತ್ತೆ ಹಿಡಿಯಬೇಕು. ಇದಕ್ಕೆ ಒಂದು ವಾರವಾದರೂ ಬೇಡವಾ? ಪಿಚ್ ಇಲ್ಲದ್ದಕ್ಕೆ ಸ್ವಲ್ಪ ಹಣ ವಾಪಸ್ ಕೊಡಿ ಅಂತ ಮೆಸೇಜ್ ಹಾಕಿದೆ. ಎರಡು ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಮುಂದಿನ ಬ್ಯಾಚ್‌ಗೆ ಫೀಸ್ 18 ಸಾವಿರ ಅಂತೆ. ಇದಾಗಲಿ, ಇಂಥದ್ದೇ ಬೇರೆಯದಾಗಲಿ, ದುಡ್ಡು ಕಟ್ಟುವ ಮುಂಚೆ ನನ್ನ ಸೀನನ್ನು ಕೂತು ತಿದ್ದುವವರು ಯಾರು, ಎಷ್ಟು ಕ್ಲಾಸ್ ತಗೋತಾರೆ ಅಂತ ಕೇಳಿ. ಮೇಷ್ಟ್ರು ಈ ಸಲ ಇರ್ತಾರಾ ಅಂತ ನಾನೂ ಫೋನ್ ಮಾಡಿ ಕೇಳಿದೆ. 'ನೋಡ್ಬೇಕು ಸರ್' ಅಂದರು.