ಇಪ್ಪತ್ತೈದು ಮಕ್ಕಳ ವೃಂದವೋ, ನಾಲ್ವರ ಗುಂಪೋ?

ಮಗಳಿಗೆ ಈಗ 13 ವರ್ಷ. ಪಾಶ್ಚಾತ್ಯ ಶೈಲಿಯ ವಯಲಿನ್ ಕಲಿಯುತ್ತಿದ್ದಾಳೆ. ಒಬ್ಬಳೇ ನುಡಿಸಿದರೆ ಸೊಗಸು. ಪಕ್ಕದಲ್ಲಿ ಇನ್ನೊಬ್ಬರು ಬೇರೆ ಸ್ವರ ಹಿಡಿದರೆ ಸಾಕು, ಲಯ ತಪ್ಪುತ್ತಿತ್ತು. ಇದನ್ನು ಸರಿಮಾಡಲು ಮೈಸೂರಿನಲ್ಲೇ ಎರಡು ವರ್ಷ ಮೂರು ದಾರಿ ನೋಡಿದೆವು.

ಮೊದಲು ಸೇರಿಸಿದ್ದು ದೊಡ್ಡ ವೃಂದಕ್ಕೆ. ಭಾನುವಾರ ಬೆಳಿಗ್ಗೆ 25 ಮಕ್ಕಳು, ಎದುರಿಗೆ ಕೈಯಾಡಿಸಿ ಎಲ್ಲರನ್ನೂ ನಡೆಸುವ ಮೇಷ್ಟ್ರು. ಗೆಳತಿಯರು ಸಿಕ್ಕರು, ವೇದಿಕೆಯ ಭಯ ಹೋಯಿತು. ಅದು ಸಣ್ಣ ಲಾಭವಲ್ಲ. ಆದರೆ ಒಂದೇ ಸಾಲನ್ನು ಎಂಟು ಜನ ನುಡಿಸುವಾಗ ಇವಳು ನಿಲ್ಲಿಸಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆರು ತಿಂಗಳಾದರೂ ತನ್ನ ಸರದಿ ಇಲ್ಲದ ಖಾಲಿ ಬಾರ್‌ಗಳನ್ನು, ಅಂದರೆ ತಾಳದ ಸುತ್ತುಗಳನ್ನು, ತಾನೇ ಎಣಿಸಲು ಬರಲಿಲ್ಲ. ಪಕ್ಕದವಳ ಬೋ (ಕಮಾನು) ಮೇಲೆದ್ದಾಗ ತಾನೂ ಎತ್ತುತ್ತಿದ್ದಳು, ಅಷ್ಟೆ.

ಎರಡನೆಯದು ಮನೆಯಲ್ಲೇ ರೆಕಾರ್ಡಿಂಗ್ ಜೊತೆ ಅಭ್ಯಾಸ. ಖರ್ಚಿಲ್ಲ, ಎಣಿಕೆ ಗಟ್ಟಿಯಾಯಿತು. ಆದರೆ ರೆಕಾರ್ಡಿಂಗ್ ನಮಗಾಗಿ ಕಾಯುವುದಿಲ್ಲ, ನಮ್ಮನ್ನು ಕೇಳಿಸಿಕೊಳ್ಳುವುದೂ ಇಲ್ಲ, ಅಲ್ವಾ? ವಿಡಿಯೊ ಕರೆಯಲ್ಲಿ ಗೆಳತಿಯ ಜೊತೆ ನುಡಿಸಿ ನೋಡಿದಳು. ದನಿ ತಡವಾಗಿ ಬರುತ್ತದೆ. ಇವಳು ಅವಳಿಗಾಗಿ ಕಾಯುತ್ತಾಳೆ, ಅವಳು ಇವಳಿಗಾಗಿ. ನಾಲ್ಕು ಬಾರ್ ಮುಗಿಯುವಷ್ಟರಲ್ಲಿ ಹಾಡೇ ನಿಂತುಹೋಯಿತು.

ಮೂರನೆಯದೇ ನನಗೆ ಮನಸ್ಸಿಗೆ ಬಂದದ್ದು. ನಾಲ್ಕೇ ಮಕ್ಕಳು: ಎರಡು ವಯಲಿನ್, ವಯಲಿನ್‌ಗಿಂತ ತುಸು ದೊಡ್ಡದಾದ ಒಂದು ವಯೋಲಾ, ಕೂತು ಕಾಲ ನಡುವೆ ಹಿಡಿದು ನುಡಿಸುವ ಒಂದು ದೊಡ್ಡ ಚೆಲೊ. ಕೈಯಾಡಿಸುವವರು ಯಾರೂ ಇಲ್ಲ. ಜೊತೆ ಹುಡುಕುವುದೇ ಕಷ್ಟವಾಯಿತು. ವಯಲಿನ್ ಕಲಿತ ಹುಡುಗಿಯೊಬ್ಬಳು ವಯೋಲಾ ಹಿಡಿಯಲು ಒಪ್ಪಿದಳು. ಅದರ ಶ್ರುತಿ ಒಂದು ಪಂಚಮ ಕೆಳಗೆ, ನೊಟೇಷನ್ ಓದುವ ರೀತಿಯೂ ಬೇರೆ. ಚೆಲೊ ಸ್ಕೂಟರ್ ಮೇಲೆ ಬರುವುದಿಲ್ಲವಲ್ಲ. ಹಾಗಾಗಿ ಅಭ್ಯಾಸವೆಲ್ಲ ಕುವೆಂಪುನಗರದಲ್ಲಿ, ಆ ಹುಡುಗನ ಮನೆಯ ಹಾಲ್‌ನಲ್ಲೇ. ತಿಂಗಳಿಗೆ ಎರಡು ಸಲ ಟೀಚರ್ ಬಂದು ತಿದ್ದುತ್ತಾರೆ. ಖರ್ಚು ವೃಂದಕ್ಕಿಂತ ಜಾಸ್ತಿಯೇ.

ವಯಲಿನ್ ಮಕ್ಕಳಿಬ್ಬರೂ ಹಂಗೇರಿಯ ಸಂಗೀತಕಾರ ಬಾರ್ಟೋಕ್ ಅವರ 44 ಜೋಡಿ ವಯಲಿನ್ ತುಣುಕುಗಳಿಂದ ಶುರುಮಾಡಿದರು. 1931ರಲ್ಲಿ ಕಲಿಯುವವರಿಗೆಂದೇ ಬರೆದವು. ಹೆಚ್ಚಿನವು ಹಳ್ಳಿ ಹಾಡುಗಳಿಂದ ಹುಟ್ಟಿದವು, ಸುಲಭದಿಂದ ಕಷ್ಟಕ್ಕೆ ಏರುತ್ತವೆ. ಆಮೇಲೆ ನಾಲ್ವರೂ ಕೂಡಿ ಹೊಸ ಕೃತಿಗಳಿಗೆ ಬಂದರು. ಅಮೆರಿಕದ ಕ್ರೋನೋಸ್ ಕ್ವಾರ್ಟೆಟ್ ಎಂಬ ನಾಲ್ವರ ತಂಡ 2015ರಲ್ಲಿ ಶುರುಮಾಡಿದ ಯೋಜನೆಯೊಂದಿದೆ. ಕಲಿಯುವ ಗುಂಪುಗಳಿಗಾಗಿ 50 ಹೊಸ ಕೃತಿ ಬರೆಸಿ, ಸ್ಕೋರ್‌ಗಳನ್ನು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಹಾಕಿದ್ದಾರೆ. ರಷ್ಯಾದ ಸಂಗೀತಕಾರ ಮೆಟ್ನರ್ ಅವರ ಸಂಗೀತದ ರೆಕಾರ್ಡಿಂಗ್‌ಗೆ ನಮ್ಮ ಜಯಚಾಮರಾಜ ಒಡೆಯರು ಹಣ ಕೊಟ್ಟಿದ್ದು ನೆನಪಾಯಿತು. ಹೊಸ ಸಂಗೀತಕ್ಕೆ ಯಾರಾದರೂ ಮುಂದೆ ಬಂದು ಕೊಟ್ಟರೇನೇ ಅದು ನಮ್ಮ ಮಕ್ಕಳವರೆಗೆ ಬರುವುದು.

ನಾಲ್ವರಲ್ಲಿ ಅಡಗಿಕೊಳ್ಳಲು ಜಾಗವಿಲ್ಲ. ಶುರುಮಾಡಬೇಕಾದರೆ ಮೊದಲ ವಯಲಿನ್‌ನವರು ಉಸಿರು ತೆಗೆದುಕೊಳ್ಳುತ್ತಾರೆ, ಉಳಿದ ಮೂವರು ಆ ಉಸಿರು ನೋಡುತ್ತಾರೆ. ಒಂದು ದಿನ ವಯೋಲಾ ಹುಡುಗಿಗೆ ಜ್ವರ. ಮೂವರೇ ನುಡಿಸಿದರು. ನಡುವೆ ದೊಡ್ಡ ತೂತು ಬಿದ್ದಂತೆ ಕೇಳಿಸಿತು. 'ಅವಳು ಇಷ್ಟೆಲ್ಲ ನುಡಿಸ್ತಾಳಾ!' ಎಂದಳು ಮಗಳು. ಮುಂದಿನ ವಾರದಿಂದ ಅವಳ ಸಾಲನ್ನು ಕೇಳುತ್ತಾ ನುಡಿಸತೊಡಗಿದಳು.

ಊರ ಸಭಾಂಗಣದಲ್ಲಿ ಒಮ್ಮೆ ನುಡಿಸಿದರು. ಚಪ್ಪಾಳೆ ಬಂತು, ಮುಗಿಯಿತು. ಶ್ರೀರಂಗಪಟ್ಟಣದ ಹತ್ತಿರದ ಸರ್ಕಾರಿ ಶಾಲೆಗೆ ಹೋದಾಗ ಹಾಗಾಗಲಿಲ್ಲ. ಮಕ್ಕಳು ನೆಲದ ಮೇಲೆ ಸುತ್ತ ಕೂತರು. ಒಬ್ಬೊಬ್ಬರೇ ತಮ್ಮ ಸಾಲು ನುಡಿಸಿ ತೋರಿಸಿ, ಆಮೇಲೆ ಎಲ್ಲ ಸೇರಿಸಿದರು. ಮುಗಿದ ಮೇಲೆ ಒಬ್ಬ ಹುಡುಗ ಮಗಳನ್ನು ಕೇಳಿದ: 'ಅಕ್ಕಾ, ಮಧ್ಯದಲ್ಲಿ ನೀವು ಸುಮ್ನೆ ಕೂತಿದ್ರಲ್ಲ, ಆಗ ಏನ್ ಮಾಡ್ತಿದ್ರಿ?'

'ಎಣಿಸ್ತಿದ್ದೆ ಕಣೋ. ಇವರನ್ನ ಕೇಳ್ತಾ ಎಣಿಸ್ತಿದ್ದೆ.'

ಇನ್ನೊಂದು ಸಲ ನುಡಿಸಿ ಎಂದು ಹಟ ಹಿಡಿದರು. ಈ ಸಲ ಇವಳು ಬೋ ಇಳಿಸಿದ ಕೂಡಲೇ ಅವನೂ ಬೆರಳು ಮಡಚಿ ಎಣಿಸತೊಡಗಿದ.