ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಳ್ಳುವವರು ದಯವಿಟ್ಟು ಓದಿ: ಪರದೆ ಮೇಲೆ ಐ7, ಒಳಗೆ ಐ5

ಇದನ್ನು ಬರೆಯೋಕೆ ನಾಲ್ಕು ದಿನ ಹಿಂದೆ ಮುಂದೆ ನೋಡಿದೆ. ನಾಚಿಕೆ ಆಗುತ್ತೆ. ನಮ್ಮ ಮನೆಯಲ್ಲಿ, ಗೆಳೆಯರಲ್ಲಿ, ಕೆಲಸದ ಜಾಗದಲ್ಲಿ ಯಾರೇ ಕಂಪ್ಯೂಟರ್ ತಗೊಳ್ಳಲಿ, ಮೊದಲು ನನ್ನನ್ನು ಕೇಳುತ್ತಾರೆ. ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್, ಅದನ್ನು ಹದಿನೈದು ವರ್ಷದಿಂದ ಬಳಸುತ್ತಿದ್ದೇನೆ. ಅಂಥ ನನಗೇ ಟೋಪಿ ಹಾಕಿದ್ದಾರೆ. ಮರ್ಯಾದೆ ಉಳಿಸಿಕೊಂಡು ಸುಮ್ನೆ ಇದ್ದುಬಿಡೋಣ ಅಂದುಕೊಂಡಿದ್ದೆ. ಆದರೆ ಅದೇ ಮಾರಾಟಗಾರ ಇನ್ನೂ ಅದೇ ಮಾಡೆಲ್ ಮಾರುತ್ತಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಎಂಟನೇ ಜನರೇಶನ್ ಐ7 ಅಂತ ಹೇಳಿ ಆರನೇ ಜನರೇಶನ್ ಐ5 ಕೊಟ್ಟರು. ಇವು ಇಂಟೆಲ್ ಪ್ರೊಸೆಸರ್‌ಗಳ ಹೆಸರು; ಐ7 ಅನ್ನುವುದು ಐ5ಗಿಂತ ಮೇಲ್ದರ್ಜೆಯದು, ಜನರೇಶನ್ ಸಂಖ್ಯೆ ದೊಡ್ಡದಾದಷ್ಟೂ ಹೊಸದು. ಬಾಯಲ್ಲಿ ಹೇಳಿದ ಸುಳ್ಳು ಮಾತ್ರ ಆಗಿದ್ದರೆ ನಾನು ಬೀಳುತ್ತಿರಲಿಲ್ಲ. ವಿಂಡೋಸ್ ಒಳಗೆ ಹೋಗಿ ನೋಡಿದರೂ ಐ7 ಅಂತಲೇ ಕಾಣುವ ಹಾಗೆ ಮಾಡಿದ್ದರು.

ಅಕ್ಕನ ಮಗಳಿಗೆ ಕಾಲೇಜಿಗೆ ಲ್ಯಾಪ್‌ಟಾಪ್ ಬೇಕಿತ್ತು. "ಮಾಮ, ನೀವೇ ನೋಡಿ ಕೊಡಿಸಿ" ಅಂದಳು. ಹೊಸದು ಬೇಡ, ಕಚೇರಿಗಳಲ್ಲಿ ಬಳಸಿ ಬಿಟ್ಟಿರುವ ಬಿಸಿನೆಸ್ ಮಾಡೆಲ್ ಒಂದನ್ನು ತಗೊಂಡು ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಹಾಕಿಕೊಡೋಣ ಅಂತ ನಾನೇ ಹೇಳಿದ್ದು. ಈ ಸಲಹೆ ಈಗಲೂ ತಪ್ಪು ಅನ್ನಿಸಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ಜನರೇಶನ್ನಿಂದ ಮೇಲೆ ಇರಬೇಕು. ಹಾಗಾಗಿ ಚೆನ್ನಾಗಿ ಓಡುತ್ತಿರುವ ಎಷ್ಟೋ ಯಂತ್ರಗಳು ಮಾರಾಟಕ್ಕೆ ಬರುತ್ತಿವೆ. ಲಿನಕ್ಸ್ ಹಾಕಿದರೆ ಅವು ಇನ್ನೂ ಎಷ್ಟೋ ವರ್ಷ ಬಾಳುತ್ತವೆ.

ಆನ್‌ಲೈನಲ್ಲಿ ಒಂದು ಜಾಹೀರಾತು ಸಿಕ್ಕಿತು. ಐ7-8650ಯು, 16 ಜಿಬಿ ರ್‍ಯಾಮ್, ಹೊಸ ಎಸ್‌ಎಸ್‌ಡಿ (ಡಿಸ್ಕ್), ಒಳ್ಳೆ ಬ್ಯಾಟರಿ. ಬೆಲೆ ಅನುಮಾನ ಬರುವಷ್ಟು ಕಡಿಮೆಯೂ ಇರಲಿಲ್ಲ, ಇದನ್ನು ಗಮನಿಸಿ. ತೀರಾ ಅಗ್ಗ ಆಗಿದ್ದರೆ ನಾನೇ ಹತ್ತಿರ ಹೋಗುತ್ತಿರಲಿಲ್ಲ.

ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಸೆಟ್ಟಿಂಗ್ಸ್‌ನ ಅಬೌಟ್ ಪುಟದ ಫೋಟೋ ಕಳಿಸಿ ಅಂದೆ. ಕಳಿಸಿದ. ವಿಡಿಯೊ ಬೇಕು ಅಂದೆ. ಅದನ್ನೂ ಕಳಿಸಿದ. ಯಂತ್ರ ಆನ್ ಮಾಡಿ, ಸೆಟ್ಟಿಂಗ್ಸ್ ತೆರೆದು, ಬೆರಳಿಟ್ಟು ತೋರಿಸಿದ: "ನೋಡಿ ಸರ್, ಐ7, ಎಂಟನೇ ಜನರೇಶನ್. ವಿಂಡೋಸ್ 11 ಒರಿಜಿನಲ್ಲಾಗಿ ಓಡ್ತಿದೆ. ಹಳೇ ಪ್ರೊಸೆಸರ್ ಆಗಿದ್ರೆ ವಿಂಡೋಸ್ 11 ಹಾಕೋಕೇ ಆಗಲ್ಲ, ನಿಮಗೆ ಗೊತ್ತಲ್ವಾ ಸರ್."

ನಿಮಗೆ ಗೊತ್ತಲ್ವಾ ಸರ್. ಈ ಮಾತು ಈಗಲೂ ಕಿವಿಯಲ್ಲಿದೆ. ಹೌದು, ನನಗೆ ಗೊತ್ತಿತ್ತು. ಎಂಟನೇ ಜನರೇಶನ್ ನಿಯಮ ಗೊತ್ತಿತ್ತು, ಅದಕ್ಕೇ ನಂಬಿದೆ. ಆ ನಿಯಮವನ್ನು ದಾಟಿಸುವುದು ಎಷ್ಟು ಸುಲಭ ಅಂತಲೂ ಗೊತ್ತಿತ್ತು! ರೂಫಸ್ ಅನ್ನುವ ತಂತ್ರಾಂಶದಲ್ಲಿ ವಿಂಡೋಸ್ ಹಾಕುವ ಪೆನ್‌ಡ್ರೈವ್ ತಯಾರಿಸುವಾಗ ಒಂದು ಟಿಕ್ ಹಾಕಿದರೆ ಟಿಪಿಎಂ ತಪಾಸಣೆ ಇಲ್ಲದೆ ವಿಂಡೋಸ್ 11 ಕೂರುತ್ತೆ. ನಾನೇ ಒಬ್ಬರಿಗೆ ಹಾಗೆ ಹಾಕಿಕೊಟ್ಟಿದ್ದೇನೆ. ಆ ಹೊತ್ತಿಗೆ ಅದು ತಲೆಗೇ ಬರಲಿಲ್ಲ. ಗೊತ್ತಿರುವವನು ಅಂತ ಹೊಗಳಿ, ನನಗೆ ಗೊತ್ತಿದ್ದ ವಿಷಯದಿಂದಲೇ ನನ್ನನ್ನು ಬೀಳಿಸಿದ.

ದುಡ್ಡು ಹಾಕಿದೆ. ಪಾರ್ಸೆಲ್ ಬಂತು.

ಹೊರಗಡೆ ಚೆನ್ನಾಗಿಯೇ ಇತ್ತು. ಕೀಬೋರ್ಡಿನ ಕೆಳಗೆ, ಅಂಗೈ ಊರುವ ಜಾಗದಲ್ಲಿ, ಐ7 ಸ್ಟಿಕ್ಕರ್ ಫಳಫಳ ಹೊಳೆಯುತ್ತಿತ್ತು. ಸುತ್ತಲಿನ ಪ್ಲಾಸ್ಟಿಕ್ ಸವೆದು ನುಣುಪಾಗಿದೆ, ಸ್ಟಿಕ್ಕರ್ ಮಾತ್ರ ನಿನ್ನೆ ಅಂಟಿಸಿದ ಹಾಗಿದೆ. ಅದರ ಅಂಚಲ್ಲಿ ಹಳೆಯ ಸ್ಟಿಕ್ಕರಿನ ಗೋಂದಿನ ಗೆರೆ, ಹೊಸದಕ್ಕಿಂತ ಒಂದೆಳೆ ದೊಡ್ಡದು. ಬೆರಳಿಗೆ ಅಂಟಂಟಾಗಿ ಸಿಕ್ಕಿತು. ತಳದಲ್ಲಿ ಮಾಡೆಲ್ ನಂಬರ್ ಇರಬೇಕಾದ ಚೀಟಿಯನ್ನು ಕೆರೆದು ತೆಗೆದಿದ್ದರು. ಇಷ್ಟೆಲ್ಲ ನೋಡಿದೆ. ಹಳೇ ಮಾಲು, ಒರೆಸಿ ಕಳಿಸಿರುತ್ತಾರೆ ಬಿಡು ಅಂದುಕೊಂಡೆ.

ಬಯೋಸ್ (ಯಂತ್ರ ಆನ್ ಆದಾಗ ಮೊದಲು ಓಡುವ, ಮೂಲ ಸೆಟ್ಟಿಂಗ್ ಇರುವ ಪ್ರೋಗ್ರಾಂ) ನೋಡೋಣ ಅಂತ ಎಫ್2 ಒತ್ತಿದೆ. ಪಾಸ್‌ವರ್ಡ್ ಕೇಳಿತು. ಮೆಸೇಜ್ ಮಾಡಿದರೆ, "ಅದು ನಿಮ್ಮ ಸುರಕ್ಷತೆಗೇ ಹಾಕಿರೋದು ಸರ್, ಒಳಗೆ ಹೋಗಿ ಏನಾದ್ರೂ ಬದಲಾಯಿಸಿಬಿಟ್ರೆ ಯಂತ್ರ ಕೆಟ್ಟೋಗುತ್ತೆ" ಅಂತ ಉತ್ತರ. ನನ್ನ ದುಡ್ಡಿನ ಯಂತ್ರಕ್ಕೆ ಅವನ ಪಾಸ್‌ವರ್ಡ್. ಕಾರಣ ಈಗ ಅರ್ಥ ಆಗುತ್ತೆ. ಬಯೋಸ್‌ನ ಮೊದಲ ಪುಟದಲ್ಲೇ ಪ್ರೊಸೆಸರ್ ಹೆಸರು ಇರುತ್ತೆ.

ಆದರೆ ಎಫ್12 ಒತ್ತಿದಾಗ ಬರುವ, ಯಾವ ಡಿಸ್ಕಿನಿಂದ ಶುರುವಾಗಬೇಕು ಅಂತ ಆರಿಸುವ ಬೂಟ್ ಮೆನುಗೆ ಬೀಗ ಹಾಕೋಕೆ ಮರೆತಿದ್ದರು. ನನ್ನ ಡೆಬಿಯನ್ ಪೆನ್‌ಡ್ರೈವ್ ಚುಚ್ಚಿದೆ. ಡೆಬಿಯನ್ 2019ರ 10ನೇ ಆವೃತ್ತಿಯಿಂದ ಸೆಕ್ಯೂರ್ ಬೂಟ್ (ಮಾನ್ಯ ಸಹಿ ಇಲ್ಲದ ಸಿಸ್ಟಮ್ ಶುರುವಾಗದಂತೆ ತಡೆಯುವ ಕಾವಲು) ಆನ್ ಇದ್ದರೂ ಏಳುತ್ತೆ, ಹಾಗಾಗಿ ಬಯೋಸ್ ಒಳಗೆ ಕೈ ಹಾಕುವ ಅಗತ್ಯವೇ ಬರಲಿಲ್ಲ. ವೈಫೈ ತಾನಾಗಿಯೇ ಹತ್ತಿತು. ಟರ್ಮಿನಲ್ ತೆರೆದೆ. ಎಲ್ಲ ಯಂತ್ರದಲ್ಲೂ ಮಾಡುವ ಹಾಗೆ, ಏನೂ ಅನುಮಾನ ಇಲ್ಲದೆ, ಸುಮ್ನೆ ಅಭ್ಯಾಸಬಲದಿಂದ ಪ್ರೊಸೆಸರ್ ವಿವರ ತೋರಿಸುವ ಎಲ್‌ಎಸ್‌ಸಿಪಿಯು ಆದೇಶ ಟೈಪ್ ಮಾಡಿದೆ.

ಐ5-6300ಯು.

ಎರಡು ಕೋರ್ (ಲೆಕ್ಕ ಮಾಡುವ ಘಟಕ), ನಾಲ್ಕು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). 2015ರ ಮಾಲು. ಐ7-8650ಯು ಆಗಿದ್ದರೆ ನಾಲ್ಕು ಕೋರ್, ಎಂಟು ಥ್ರೆಡ್ ಇರಬೇಕಿತ್ತು.

ಮೊದಲು ನನ್ನ ಕಣ್ಣನ್ನೇ ನಂಬಲಿಲ್ಲ. ಇನ್ನೊಮ್ಮೆ ಟೈಪ್ ಮಾಡಿದೆ. ಪೆನ್‌ಡ್ರೈವ್ ತೆಗೆದು ವಿಂಡೋಸ್‌ಗೆ ಹೋದೆ, ಐ7 ಅಂತಿದೆ. ಮತ್ತೆ ಡೆಬಿಯನ್‌ಗೆ ಬಂದೆ, ಐ5. ಮತ್ತೆ ವಿಂಡೋಸ್, ಐ7. ಅಕ್ಕನ ಮಗಳು ಪಕ್ಕದಲ್ಲೇ ಕೂತಿದ್ದಳು. "ಏನಾಯ್ತು ಮಾಮ?" ಅಂದಳು. ಏನೂ ಇಲ್ಲ ಕಣೇ ಅಂದೆ. ಮುಖ ಬಿಸಿ ಆಗಿಹೋಗಿತ್ತು. ಅವಳಿಗೆ ಹೇಗೆ ಹೇಳಲಿ?

ಹೇಗೆ ಮಾಡಿದ್ದಾರೆ ಅಂತ ಹುಡುಕೋಕೆ ಆ ರಾತ್ರಿ ಪೂರ್ತಿ ಕೂತೆ. ಪ್ರೊಸೆಸರ್ ತನ್ನ ಹೆಸರನ್ನು ತನ್ನೊಳಗೇ ಇಟ್ಟುಕೊಂಡಿರುತ್ತೆ. ಸಿಪಿಯುಐಡಿ ಅನ್ನುವ ಆದೇಶ ಕೊಟ್ಟರೆ ಚಿಪ್ಪೇ ಆ ಹೆಸರು ಹೇಳುತ್ತೆ. ಲಿನಕ್ಸ್ ಕರ್ನಲ್ ಅದನ್ನೇ ಕೇಳಿಕೊಂಡು ತೋರಿಸುತ್ತೆ. ವಿಂಡೋಸ್ ಕೂಡ ಶುರುವಾಗುವಾಗ ಅದನ್ನೇ ಕೇಳುತ್ತೆ, ಆದರೆ ಕೇಳಿದ್ದನ್ನು ರಿಜಿಸ್ಟ್ರಿ ಅನ್ನುವ ತನ್ನ ಸೆಟ್ಟಿಂಗ್‌ಗಳ ದಾಖಲೆಯಲ್ಲಿ ಬರೆದಿಡುತ್ತೆ. ಆಮೇಲೆ ಆ ಬರಹವನ್ನು ಯಾರಾದರೂ ತಿದ್ದಿದರೆ ಅಬೌಟ್ ಪುಟ ತಿದ್ದಿದ್ದನ್ನೇ ತೋರಿಸುತ್ತೆ. ರೀಸ್ಟಾರ್ಟ್ ಮಾಡಿದರೆ ನಿಜವಾದ ಹೆಸರು ವಾಪಸ್ ಬರುತ್ತೆ. ಹಾಗಾಗಿ ಪ್ರತಿ ಸಲ ತಿದ್ದೋಕೆ ಇವರು ಒಂದು ಏರ್ಪಾಡು ಮಾಡಿಟ್ಟಿದ್ದರು. ಹೇಳಿದ ಹೊತ್ತಿಗೆ ಕೆಲಸವನ್ನು ತಾನಾಗಿ ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಅಪ್‌ಡೇಟ್ ಅನ್ನುವ ಹಾಗೆ ಕಾಣುವ ಒಂದು ಹೆಸರು. ಅದು ಕರೆಯುವುದು ಆದೇಶಗಳನ್ನು ಬರೆದಿಟ್ಟ ಒಂದು ಬ್ಯಾಚ್ ಫೈಲನ್ನು. ನೋಟ್‌ಪ್ಯಾಡಲ್ಲಿ ತೆರೆದರೆ ಒಟ್ಟು ಎರಡೇ ಸಾಲು. ಎರಡನೆಯದರಲ್ಲಿ ಪ್ರೊಸೆಸರ್‌ನೇಮ್‌ಸ್ಟ್ರಿಂಗ್ (ರಿಜಿಸ್ಟ್ರಿಯಲ್ಲಿ ಹೆಸರು ಬರೆದಿಡುವ ಜಾಗ), ಅದರ ಮುಂದೆ ಐ7-8650ಯು ಅನ್ನುವ ಸುಳ್ಳು. ಎರಡು ಸಾಲಿಗೆ ನಾನು ಅಷ್ಟು ದುಡ್ಡು ಕೊಟ್ಟೆ.

ಇದಕ್ಕಿಂತ ಹೊಟ್ಟೆ ಉರಿಸಿದ್ದು ಅವನು ಮೊದಲೇ ಕಳಿಸಿದ್ದ ಫೋಟೋ. ಅದನ್ನು ದೊಡ್ಡದು ಮಾಡಿ ನೋಡಿದೆ. ಪ್ರೊಸೆಸರ್ ಹೆಸರಿನ ಕೊನೆಗೆ 1.90 ಗಿಗಾಹರ್ಟ್ಸ್ ಅಂತಿದೆ. ಅದರ ಪಕ್ಕದಲ್ಲೇ ಯಂತ್ರದ ಲೆಕ್ಕದ ವೇಗ 2.50 ಗಿಗಾಹರ್ಟ್ಸ್ ಅಂತಿದೆ. ಇವೆರಡರ ನಡುವೆ ಚೂರುಪಾರು ವ್ಯತ್ಯಾಸ ಸಾಮಾನ್ಯ, ಇಷ್ಟೊಂದು ಇರಲ್ಲ. ಹೆಸರು ತಿದ್ದಿದವನು ಪಕ್ಕದ ಸಂಖ್ಯೆ ತಿದ್ದೋಕೆ ಮರೆತಿದ್ದ. ಸಾಕ್ಷಿಯನ್ನು ಅವನೇ ಕಳಿಸಿದ್ದ, ದುಡ್ಡು ಕೊಡೋಕೆ ಎರಡು ದಿನ ಮುಂಚೆ. ನಾನು ನೋಡಿಯೂ ನೋಡಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ಕೋರ್ ಎಷ್ಟು ಅಂತ ತೋರಿಸು ಅಂತ ಒಂದೇ ಒಂದು ಮಾತು ಕೇಳಿದ್ದರೂ ಸಾಕಿತ್ತು.

ಉಳಿದದ್ದನ್ನೂ ಪರೀಕ್ಷೆ ಮಾಡಿದೆ. "ಹೊಸ" ಎಸ್‌ಎಸ್‌ಡಿ 31,000 ಗಂಟೆ ಓಡಿದೆ ಅಂತ ಡಿಸ್ಕ್ ಪರೀಕ್ಷಿಸುವ ಸ್ಮಾರ್ಟ್‌ಸಿಟಿಎಲ್ ಹೇಳಿತು. ಹಗಲು ರಾತ್ರಿ ಬಿಡದೆ ಓಡಿದರೂ ಮೂರೂವರೆ ವರ್ಷ. ಬ್ಯಾಟರಿ 50 ವಾಟ್ ಅವರ್‌ನದ್ದು, ಈಗ ಹಿಡಿಯುವುದು 19. ರ್‍ಯಾಮ್ 16 ಜಿಬಿ ನಿಜವಾಗಿಯೂ ಇತ್ತು. ಅದೊಂದು ನಿಜ.

ಬೆಳಿಗ್ಗೆ ಎಲ್‌ಎಸ್‌ಸಿಪಿಯು ಫೋಟೋ ಕಳಿಸಿದೆ. ಇದೇನು ಅಂತ ಕೇಳಿದೆ.

ಮೊದಲ ಉತ್ತರ: "ಸರ್, ಲಿನಕ್ಸ್ ಯಾವಾಗಲೂ ತಪ್ಪು ತೋರಿಸುತ್ತೆ. ಇದು ವಿಂಡೋಸ್‌ಗೆ ಮಾಡಿದ ಲ್ಯಾಪ್‌ಟಾಪ್."

ಎರಡನೇ ಉತ್ತರ: "ಡ್ರೈವರ್ ಹಾಕಿಲ್ಲ ನೀವು. ಡ್ರೈವರ್ ಹಾಕಿದ್ರೆ ಐ7 ಬರುತ್ತೆ."

ಕೋರ್‌ಗಳ ಸಂಖ್ಯೆ ಡ್ರೈವರಿನಿಂದ ಹೆಚ್ಚಾಗಲ್ಲ ಅಂತ ಬರೆದೆ. ಬ್ಯಾಚ್ ಫೈಲಿನ ಫೋಟೋ ಕಳಿಸಿದೆ. ಒಂದು ಗಂಟೆ ಮೌನ. ಆಮೇಲೆ: "ಅದು ವೈರಸ್ ಇರಬೇಕು ಸರ್. ನೀವು ಲಿನಕ್ಸ್ ಹಾಕಿದ್ರಲ್ಲ, ಅದರ ಜೊತೆ ಬಂದಿರುತ್ತೆ. ನೀವೇ ಲಿನಕ್ಸ್ ಹಾಕಿ ಹಾಳು ಮಾಡಿದ್ದೀರಿ, ಇನ್ನು ವಾರಂಟಿ ಬರಲ್ಲ."

ನಾನು ಏನನ್ನೂ ಹಾಕಿರಲಿಲ್ಲ! ಪೆನ್‌ಡ್ರೈವಿನಿಂದ ಓಡಿಸಿದ್ದು, ಒಳಗಿನ ಡಿಸ್ಕನ್ನು ಮುಟ್ಟಿರಲಿಲ್ಲ. ಇದನ್ನು ಮೂರು ಸಲ ಬರೆದೆ. ಮೂರು ಸಲವೂ ಅದೇ ಉತ್ತರ, ಲಿನಕ್ಸ್ ಹಾಕಿದ್ದೀರಿ, ಲಿನಕ್ಸ್ ಹಾಕಿದ್ದೀರಿ. ಸುಳ್ಳನ್ನು ಬಯಲು ಮಾಡಿದ್ದೇ ತಪ್ಪು ಅನ್ನುವ ಹಾಗೆ.

ಕೊನೆಗೆ ಬಂದ ಮಾತು ಇದು: "ಸರ್, ಕಂಪ್ಯೂಟರ್ ಚೆನ್ನಾಗಿ ಗೊತ್ತಿರೋರಿಗೆ ಒಂದ್ಸಲ ತೋರಿಸಿ. ಅವರು ನಿಮಗೆ ಅರ್ಥ ಮಾಡಿಸ್ತಾರೆ."

ಇದನ್ನು ಓದಿ ಫೋನ್ ಕೆಳಗಿಟ್ಟುಬಿಟ್ಟೆ. ಕೈ ನಡುಗುತ್ತಿತ್ತು. ದುಡ್ಡು ಹೋದದ್ದಕ್ಕಿಂತ ಈ ಒಂದು ಮಾತು ಜಾಸ್ತಿ ಚುಚ್ಚಿತು. ಕೊಳ್ಳುವ ಮುಂಚೆ "ನಿಮಗೆ ಗೊತ್ತಲ್ವಾ ಸರ್", ಕೊಂಡ ಮೇಲೆ "ಗೊತ್ತಿರೋರಿಗೆ ತೋರಿಸಿ".

ಸಂಜೆ ಇನ್ನೊಂದು ನಂಬರಿನಿಂದ ಬೇರೆಯವನು ಮೆಸೇಜ್ ಮಾಡಿದ. ಸ್ವಲ್ಪ ದುಡ್ಡು ವಾಪಸ್ ಕೊಡ್ತೀವಿ, ಮೊದಲು ಐದು ಸ್ಟಾರ್ ರೇಟಿಂಗ್ ಹಾಕಿ ಅದರ ಫೋಟೋ ಕಳಿಸಿ ಅಂದ. ಹಾಕಲಿಲ್ಲ. ಅಲ್ಲಿ ಅವರಿಗಿರುವ ಐದು ಸ್ಟಾರ್‌ಗಳಲ್ಲಿ ಎಷ್ಟು ಹೀಗೆ ಬಂದವು ಅಂತ ಯೋಚನೆ ಮಾಡಿ. ನಾನೂ ಆ ಸ್ಟಾರ್ ನೋಡಿಯೇ ದುಡ್ಡು ಹಾಕಿದ್ದು.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಆರನೇ ಜನರೇಶನ್ ಐ5 ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 16 ಜಿಬಿ ರ್‍ಯಾಮ್ ಜೊತೆ ಅದು ಡೆಬಿಯನ್ ಓಡಿಸುತ್ತೆ, ಫೈರ್‌ಫಾಕ್ಸ್ ಓಡಿಸುತ್ತೆ, ಲಿಬ್ರೆಆಫೀಸ್ ಓಡಿಸುತ್ತೆ, ಒಬ್ಬ ವಿದ್ಯಾರ್ಥಿಗೆ ಬೇಕಾದ್ದೆಲ್ಲ ಮಾಡುತ್ತೆ. ಹಳೇ ಯಂತ್ರಗಳನ್ನು ಕಸಕ್ಕೆ ಹಾಕಬೇಡಿ, ಲಿನಕ್ಸ್ ಹಾಕಿ ಬಳಸಿ ಅಂತ ಊರಿಗೆಲ್ಲ ಹೇಳುವವನು ನಾನು. ಇದು ಆರನೇ ಜನರೇಶನ್ ಅಂತ ಹೇಳಿ, ಅದರ ಬೆಲೆಗೆ ಮಾರಿದ್ದರೆ ಖುಷಿಯಿಂದ ತಗೊಳ್ಳುತ್ತಿದ್ದೆ. ಇಂಥವರಿಂದಾಗಿ ಹಳೇ ಲ್ಯಾಪ್‌ಟಾಪ್ ಅಂದರೆ ಮೋಸ, ಲಿನಕ್ಸ್ ಅಂದರೆ ತಪ್ಪು ತೋರಿಸುವಂಥದ್ದು ಅಂತ ಜನ ತಿಳಿದುಕೊಳ್ಳುತ್ತಾರೆ. ನನಗೆ ಅದೇ ಸಂಕಟ.

ವಿಂಡೋಸನ್ನೂ ಬೈಯುತ್ತಿಲ್ಲ. ಅದರಲ್ಲೂ ಸಿಪಿಯು-ಜಡ್ ಅನ್ನುವ ತಂತ್ರಾಂಶ ಹಾಕಿ ನೋಡಿದರೆ ಅದು ಚಿಪ್ಪನ್ನೇ ಕೇಳಿ ನಿಜ ಹೇಳುತ್ತೆ. ಮಾರುವವನು ಲಿನಕ್ಸ್ ಹಾಕಿಕೊಟ್ಟಿದ್ದರೂ ಅದರಲ್ಲೂ ಸುಳ್ಳು ತೋರಿಸುವ ಹಾಗೆ ಮಾಡಬಹುದು. ಒಳಗೆ ಏನು ಹಾಕಿದ್ದಾರೋ ಅದು ಅವರ ಕೈಯಲ್ಲಿದ್ದದ್ದು. ಪೆನ್‌ಡ್ರೈವ್ ನಿಮ್ಮದಾಗಿರಬೇಕು, ಅದರಲ್ಲಿರುವ ಸಿಸ್ಟಮ್ ಅಧಿಕೃತ ತಾಣದಿಂದ ನೀವೇ ಇಳಿಸಿಕೊಂಡದ್ದಾಗಿರಬೇಕು. ದುಡ್ಡು ಕೊಡುವ ಮುಂಚೆ ಅದರಿಂದ ಯಂತ್ರ ಆನ್ ಮಾಡಿ. ಎಲ್‌ಎಸ್‌ಸಿಪಿಯು ನೋಡಿ, ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ ನೋಡಿ, ಬ್ಯಾಟರಿ ನೋಡಿ. ಹತ್ತು ನಿಮಿಷದ ಕೆಲಸ. ಪೆನ್‌ಡ್ರೈವ್ ಹಾಕಬೇಡಿ ಅಂದರೆ, ಬಯೋಸ್‌ಗೆ ಪಾಸ್‌ವರ್ಡ್ ಇದೆ ಅಂದರೆ ಎದ್ದು ಬನ್ನಿ, ಮಾತು ಬೆಳೆಸಬೇಡಿ. ದೂರದಿಂದ ತರಿಸುವುದಾದರೆ ಫೋಟೋ ವಿಡಿಯೊ ನಂಬಬೇಡಿ, ನಾನು ಎರಡನ್ನೂ ಕೇಳಿ ಪಡೆದೇ ಕೆಟ್ಟೆ.

ದೂರು ಕೊಟ್ಟಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ಅಕ್ಕನ ಮಗಳಿಗೆ ಎಲ್ಲ ಹೇಳಿದೆ. "ಪರವಾಗಿಲ್ಲ ಬಿಡಿ ಮಾಮ" ಅಂದಳು. ದೂರಿಗೆ ಸಾಕ್ಷಿ ಬೇಕಲ್ಲ, ಹಾಗಾಗಿ ಡಿಸ್ಕನ್ನು ಮುಟ್ಟದೆ, ಸದ್ಯಕ್ಕೆ ಪೆನ್‌ಡ್ರೈವಿನಿಂದಲೇ ಡೆಬಿಯನ್ ಓಡಿಸಿಕೊಂಡು ಕಾಲೇಜಿನ ಕೆಲಸ ಮಾಡುತ್ತಿದ್ದಾಳೆ.

ನಿನ್ನೆ ಮತ್ತೆ ಆ ಜಾಹೀರಾತು ನೋಡಿದೆ. ಇನ್ನೂ ಇದೆ. ನನಗೆ ಕಳಿಸಿದ್ದ ಅದೇ ಫೋಟೋ ಹಾಕಿದ್ದಾರೆ. ದೊಡ್ಡದು ಮಾಡಿ ನೋಡಿದರೆ 1.90 ಮತ್ತು 2.50 ಎರಡೂ ಪಕ್ಕಪಕ್ಕದಲ್ಲೇ ಇವೆ.